ಎರಡನೇ ನಂಬರಿನ ಅಕ್ಕ, ಹತ್ತೊಂಬತ್ತರ ಕೆಳಗೆ

ಗೋರೆಗಾಂವಿನಲ್ಲಿ ಬೇಲಿ ಎಲ್ಲಿಂದ ಬರಬೇಕು? ಊರಲ್ಲಾದರೆ ದಾಸವಾಳದ ಬೇಲಿಗೆ ಆಚೆ ಒಬ್ಬರು, ಈಚೆ ಒಬ್ಬರು ನಿಂತರೆ ಕುಚ್ಚಲಕ್ಕಿ ಬೇಯುವಷ್ಟು ಹೊತ್ತು ಮಾತು ಸಾಗುತ್ತಿತ್ತು. ಎಸ್.ವಿ. ರೋಡಿನ ಒಳಗಲ್ಲಿಯ ನಮ್ಮ ಹಳೇ ಕಟ್ಟಡದಲ್ಲಿ ಕಿಟಕಿಯ ಗ್ರಿಲ್ಲೇ ಬೇಲಿ. ಅವರ ಗ್ರಿಲ್ಲಿನಲ್ಲಿ ತುಳಸಿ, ನಮ್ಮದರಲ್ಲಿ ಒಣಗಲು ಹಾಕಿದ ಬನಿಯನ್ನು, ನಡುವೆ ಮೂರಡಿ ಗಾಳಿ.

ಮೊನ್ನೆ ಭಾನುವಾರ ಆ ಮೂರಡಿಯ ಆಚೆಯಿಂದ ಎ-2ರ ಅಕ್ಕ ಕೇಳಿದರು: "ರಾಯರೇ, ನಾನು ಎರಡನೇ ನಂಬರಿನವಳು. ಹತ್ತೊಂಬತ್ತರವರ ಕೆಳಗೆ ನನ್ನನ್ನು ಯಾಕೆ ಕೂರಿಸಿದ್ದೀರಿ ಮಾರಾಯ್ರೆ?"

ವಿಷಯ ಇಷ್ಟು. ನಮ್ಮ ಎ ಮತ್ತು ಬಿ ವಿಂಗಿನಲ್ಲಿ, ಹಿಂದಿನ ಚಾಳಿನಲ್ಲಿ ಊರ ಕಡೆಯವರು ಸುಮಾರು ಮನೆ ಇದ್ದೇವೆ. ವರ್ಷಕ್ಕೊಂದು ಸತ್ಯನಾರಾಯಣ ಪೂಜೆ, ಅದಕ್ಕೆ ಮನೆಮನೆಯ ವಂತಿಗೆ. ಲೆಕ್ಕ ಬರೆಯುತ್ತಿದ್ದ ಹಿರಿಯರು ಹೋದ ವರ್ಷ ತೀರಿಕೊಂಡರು. ಅವರ ಕೆಂಪು ರಟ್ಟಿನ ಉದ್ದ ಪುಸ್ತಕ ನನ್ನ ಕೈಗೆ ಬಂತು. ಬ್ಯಾಂಕಿನಿಂದ ನಿವೃತ್ತನಾದವನಿಗೆ ಮನೆಯಲ್ಲಿ ಗೌರವ ಉಳಿಯಬೇಕಾದರೆ ಇಂಥದೊಂದು ಕೆಲಸ ಬೇಕು. ಎಲ್ಲವನ್ನೂ ಎಕ್ಸೆಲ್ಲಿಗೆ ಹಾಕಿದೆ. ಪುಸ್ತಕವನ್ನು ನನ್ನ ಹೆಂಡತಿ ರದ್ದಿಯವನಿಗೆ ಹಾಕಿದಳು.

ಹೆಸರು, ಮನೆ ನಂಬರು, ವಂತಿಗೆ. ಮೂರು ಸಾಲು ಕಂಬ. ಆದರೆ ಹಿರಿಯರು ಬರೆದಿಟ್ಟ ಕ್ರಮಕ್ಕೆ ತಲೆಬುಡ ಇರಲಿಲ್ಲ. ಎ-5 ಆದ ಮೇಲೆ ಎ-9, ನಡುವೆ ಬಿ-18, ಕಟ್ಟಕಡೆಗೆ ಎ-11. ಬ್ಯಾಂಕಿನವನ ಕಣ್ಣಿಗೆ ಇದು ಕಸ ಗುಡಿಸದ ಅಂಗಳದ ಹಾಗೆ ಕಂಡಿತು. ಹೆಸರಿನ ಕಂಬವನ್ನು ಹಿಡಿದು ಎ ಟು ಝಡ್ ಗುಂಡಿ ಒತ್ತಿದೆ. ಪರದೆಯ ಮೇಲೆ ಏನೋ ಪ್ರಶ್ನೆ ಬಂತು: ಪಕ್ಕದಲ್ಲೂ ಮಾಹಿತಿ ಇದೆ, ಅದನ್ನೂ ಸೇರಿಸಿಕೊಳ್ಳಲೇ, ಇಲ್ಲ ಹಿಡಿದದ್ದನ್ನಷ್ಟೇ ಜೋಡಿಸಲೇ? ನಲವತ್ತು ವರ್ಷ ಗಿರಾಕಿಗಳ ಪ್ರಶ್ನೆಯನ್ನು ಪೂರ್ತಿ ಕೇಳದೆ ಉತ್ತರ ಕೊಟ್ಟು ಅಭ್ಯಾಸ. ಹಿಡಿದದ್ದನ್ನಷ್ಟೇ ಎಂದೆ.

ಹೆಸರುಗಳು ಶಿಸ್ತಾಗಿ ಅಕಾರಾದಿಯಲ್ಲಿ ನಿಂತವು. ನಂಬರು, ರೂಪಾಯಿ ಮಾತ್ರ ಇದ್ದಲ್ಲೇ ಇದ್ದವು. ಪಂಕ್ತಿಯಲ್ಲಿ ಎಲೆಗಳು ಹಾಗೇ ಇದ್ದು ಉಣ್ಣುವವರು ಮಾತ್ರ ಎದ್ದು ಬೇರೆ ಬೇರೆ ಕಡೆ ಕೂತ ಹಾಗೆ. ಅದನ್ನು ಉಳಿಸಿ, ಮುಚ್ಚಿ, ಪ್ರಿಂಟು ತೆಗೆದು ಜಿನೆಯ ಬುಡದ ಬೋರ್ಡಿಗೆ ಚುಚ್ಚಿದೆ. 51 ಕೊಟ್ಟವರ ಎದುರು 5,001 ಕೂತಿತ್ತು. ಅವರು ಎರಡು ದಿನ ಎದೆಯುಬ್ಬಿಸಿಕೊಂಡು ಓಡಾಡಿದರೇ ಹೊರತು ತಪ್ಪಾಗಿದೆ ಎಂದು ಹೇಳಲಿಲ್ಲ. 5,001 ಕೊಟ್ಟವರು ಮಾತು ಬಿಟ್ಟರು.

ರಸೀದಿ ಪುಸ್ತಕದ ಅರ್ಧಗಳನ್ನು ಇಟ್ಟುಕೊಂಡು ಮೂರು ರಾತ್ರಿ ಕೂತು ರೂಪಾಯಿಗಳನ್ನು ಅವರವರ ಮನೆಗೆ ಸೇರಿಸಿದೆ. ಈ ಸಲ ಇಡೀ ಪಟ್ಟಿಯನ್ನು ಹಿಡಿದು ಹೆಸರಿನ ಪ್ರಕಾರ ಜೋಡಿಸಿದೆ. ಬೋರ್ಡಿಗೆ ಹಾಕುವ ಮೊದಲು ಗ್ರಿಲ್ಲಿನಿಂದ ಅಕ್ಕನಿಗೆ ತೋರಿಸಿದೆ. ಕನ್ನಡಕ ಮೂಗಿಗೆ ಇಳಿಸಿ ನೋಡಿದರು.

"ಮೇಲೆ ಡಾಕ್ಟ್ರುಗಳು. ಆಮೇಲೆ ಗಂಡಸರು ಅಷ್ಟೂ ಜನ. ಹೆಂಗಸರೆಲ್ಲ ಕೆಳಗೆ. ಇದೆಂಥ, ವಂತಿಗೆ ಪಟ್ಟಿಯಾ, ಮದುವೆ ಊಟದ ಪಂಕ್ತಿಯಾ?"

ನಿಜವಾಗಿ ನಾನು ಮಾಡಿದ್ದಲ್ಲ. ಹಿರಿಯರು ಮರ್ಯಾದಸ್ಥರು, ಎಲ್ಲರಿಗೂ ಶ್ರೀ, ಶ್ರೀಮತಿ, ಡಾ. ಹಚ್ಚಿದ್ದರು. ನಾನೂ ಹಾಗೇ ಇಳಿಸಿದ್ದೆ. ಯಂತ್ರ ಮೊದಲಕ್ಷರ ನೋಡುತ್ತದೆ: ಡಕಾರ ಮೊದಲು, ಶಕಾರ ಆಮೇಲೆ. ಶ್ರೀ ಆದ ಮೇಲೆ ಒಂದು ಖಾಲಿ ಜಾಗ ಇದೆಯಲ್ಲ, ಆ ಖಾಲಿ ಜಾಗವೂ ಯಂತ್ರಕ್ಕೆ ಒಂದು ಅಕ್ಷರ, ಅದೂ ಎಲ್ಲ ಅಕ್ಷರಗಳಿಗಿಂತ ಮುಂದಿನದು. ಹಾಗಾಗಿ ಶ್ರೀಗಳೆಲ್ಲ ಶ್ರೀಮತಿಯರಿಗಿಂತ ಮೇಲೆ. ಮತಿ ಇದ್ದವರು ಕೆಳಗೆ, ಖಾಲಿ ಇದ್ದವರು ಮೇಲೆ ಎಂದು ಅಕ್ಕ ತೀರ್ಪು ಕೊಟ್ಟರು. ಗೌರವದ ಮಾತುಗಳನ್ನು ಬೇರೆ ಕಂಬಕ್ಕೆ ಸಾಗಿಸಿದೆ. ಆಗ ಶೆಟ್ಟಿ, ಪೂಜಾರಿ, ಬಂಗೇರ, ಕೋಟ್ಯಾನ್ ಎಲ್ಲ ಬಾಲಕ್ಕೆ ಹೋಗಿ ಇನಿಷಿಯಲ್ಲುಗಳು ಮುಂದೆ ಬಂದವು. 'ಎ', 'ಕೆ', 'ಬಿ' ಇವುಗಳಲ್ಲಿ ಯಾರು ಯಾರೆಂದು ಹೆತ್ತ ತಾಯಿಗೂ ಗೊತ್ತಾಗುವಂತಿರಲಿಲ್ಲ. ಕಿಟೆಲ್ ಸಾಹೇಬರು 1894ರಲ್ಲಿ ಮಂಗಳೂರಿನಿಂದ ಹೊರತಂದ ನಿಘಂಟಿನಲ್ಲಿ ಅಷ್ಟು ಸಾವಿರ ಶಬ್ದಗಳನ್ನು ಕೈಯಲ್ಲೇ ಅಕಾರಾದಿಗೆ ಕೂರಿಸಿದರು. ಅವರ ಪುಣ್ಯ, ಶಬ್ದಗಳಿಗೆ ಇನಿಷಿಯಲ್ ಇರಲಿಲ್ಲ.

ಹೆಸರಿನ ಗೊಡವೆಯೇ ಬೇಡವೆಂದು ಮನೆ ನಂಬರಿನ ಪ್ರಕಾರ ಜೋಡಿಸಿದೆ. ಅಕ್ಕ ಹತ್ತೊಂಬತ್ತರ ಕೆಳಗೆ ಬಿದ್ದದ್ದು ಹೀಗೆ. ಎ-2 ಎಂದು ಬರೆದರೆ ಅದು ಯಂತ್ರಕ್ಕೆ ಅಂಕಿಯಲ್ಲ, ಶಬ್ದ. ಒಂದರಿಂದ ಶುರುವಾಗುವ ಎ-10, ಎ-11, ಎ-19 ಎಲ್ಲ ಮೊದಲು, ಎರಡರಿಂದ ಶುರುವಾಗುವ ಎ-2 ಆಮೇಲೆ.

"ನಿಮ್ಮ ಹಿಂದೆ ಒಂದು ಸೊನ್ನೆ ಹಾಕಿದರೆ ಸರಿಹೋಗ್ತದೆ ಅಕ್ಕ. ಎ-02."

"ಇಷ್ಟು ವರ್ಷ ಸೊನ್ನೆ ಇಲ್ಲದೆ ಬದುಕಿದವಳು ನಾನು," ಎಂದರು. ಆದರೂ ಒಪ್ಪಿದರು.

ಚಾಳಿನವರದು ಇನ್ನೊಂದು ಕತೆ. 4-12ನೇ ಖೋಲಿ ಎಂದು ಬಡಿದರೆ ಅದು ಡಿಸೆಂಬರ್ ನಾಲ್ಕು ಆಗಿ ಕೂತಿತು. ಇದಕ್ಕೆ ನಾನೊಬ್ಬನೇ ಬಲಿಯಲ್ಲ. ಮನುಷ್ಯನ ವಂಶವಾಹಿಗಳಿಗೆ ವಿಜ್ಞಾನಿಗಳು ಇಟ್ಟಿದ್ದ ಮಾರ್ಚ್1, ಸೆಪ್ಟ್1 ಎಂಬಂಥ ಹೆಸರುಗಳನ್ನು ಎಕ್ಸೆಲ್ ತಾರೀಖು ಮಾಡುತ್ತಲೇ ಇತ್ತು. ಕೊನೆಗೆ 2020ರಲ್ಲಿ ವಂಶವಾಹಿಗಳ ಹೆಸರನ್ನೇ ಬದಲಿಸಿದ್ದು ಗೊತ್ತಾಯಿತು. ದೊಡ್ಡ ದೊಡ್ಡವರೇ ಸೋತು ಹೆಸರು ಬದಲಿಸಿಕೊಂಡ ಮೇಲೆ ನಮ್ಮ ಚಾಳು ಯಾವ ಲೆಕ್ಕ?

ಅಂತೂ ಪಟ್ಟಿ ಚೆಂದವಾಯಿತು. ಎ-01ರಿಂದ ಎ-20, ಬಿ-01ರಿಂದ ಬಿ-20, ಆಮೇಲೆ ಖೋಲಿಗಳು. ಈ ವರ್ಷ ವಂತಿಗೆ ಎತ್ತಲು ಹುಡುಗರಿಗೆ ಅದನ್ನೇ ಕೊಟ್ಟೆ. ಲಿಫ್ಟಿಲ್ಲದ ಕಟ್ಟಡ. ನಾಲ್ಕು ಮಹಡಿ ಹತ್ತಿ, ಇಳಿದು, ಮತ್ತೆ ನಾಲ್ಕು ಹತ್ತಿ, ಅರ್ಧ ಮನೆಗೆ ಬೀಗ ನೋಡಿ ಬಂದು ಪಟ್ಟಿಯನ್ನು ನನ್ನ ಮೇಜಿನ ಮೇಲೆ ಇಟ್ಟರು. ಏನೂ ಹೇಳಲಿಲ್ಲ, ಉಸಿರು ಇರಲಿಲ್ಲ.

"ಮತ್ತೆ ಹಿರಿಯರು ಹೇಗೆ ಒಂದೇ ಸಂಜೆಯಲ್ಲಿ ಮುಗಿಸ್ತಿದ್ದರು ಅಕ್ಕ? ಮಂಡಿನೋವು ಬೇರೆ."

ಅಕ್ಕ ತುಳಸಿಯ ಒಣ ಎಲೆ ಕೀಳುತ್ತಾ ಹೇಳಿದರು. ಅವರು ಎ ವಿಂಗಿನಲ್ಲಿ ಹತ್ತಿ, ಟೆರೇಸಿನಲ್ಲೇ ಆಚೆ ದಾಟಿ, ಬಿ ವಿಂಗಿನಲ್ಲಿ ಇಳಿಯುತ್ತಿದ್ದರು. ಹೆಚ್ಚುಕಡಿಮೆ ಹತ್ತುವುದು ಒಂದೇ ಸಲ. ಎ-9ರಲ್ಲಿ ಚಹಾ ಕೊಡುತ್ತಾರೆ, ಅದಕ್ಕೇ ಎ-5 ಆದ ಕೂಡಲೇ ಅಲ್ಲಿಗೆ. ಬಿ-18ರಾಕೆ ಆರೂವರೆಗೆ ಟ್ಯೂಷನ್ನಿಗೆ ಹೊರಡುತ್ತಾಳೆ, ಅವಳ ಮನೆಗೊಮ್ಮೆ ಮೊದಲೇ ಹೋಗಿ ಬರಬೇಕು. ಎ-11ರವರು ಎಂಟೂಮುಕ್ಕಾಲಿನ ಲೋಕಲ್ಲಿಗೆ ಬರುವವರು, ಮೇಲಾಗಿ ಕೂತರೆ ಏಳಲು ಬಿಡುವುದಿಲ್ಲ. ಅವರು ಕೊನೆಗೆ.

ಕಂಟ್ರೋಲ್ ಝಡ್ ಒತ್ತಿದರೆ ಹಳೆಯದು ಬರುವ ಕಾಲ ಯಾವತ್ತೋ ಮುಗಿದಿತ್ತು. ಫೈಲು ಮುಚ್ಚಿದ ಮೇಲೆ ಅದಕ್ಕೆ ಹಿಂದಿನದು ನೆನಪಿರುವುದಿಲ್ಲ. ಜೋಡಿಸುವ ಮೊದಲು ಪಕ್ಕದಲ್ಲಿ 1, 2, 3 ಎಂದು ಕ್ರಮಸಂಖ್ಯೆಯ ಒಂದು ಕಂಬ ಹಾಕಿದ್ದರೆ ಸಾಕಿತ್ತು, ಅದರ ಮೇಲೆ ಜೋಡಿಸಿ ಯಾವಾಗ ಬೇಕಾದರೂ ಹಿಂದಕ್ಕೆ ಹೋಗಬಹುದಿತ್ತು. ಬ್ಯಾಂಕಿನಲ್ಲಿ ವೋಚರಿಗೆ ನಂಬರು ಹಾಕದೆ ಮುಟ್ಟಲು ಬಿಡದವನು ನಾನೇ.

ಈಗ ಹೊಸ ಕಂಬ ತೆರೆದು ಲ್ಯಾಪ್‌ಟಾಪನ್ನು ಕಿಟಕಿ ಕಟ್ಟೆಯ ಮೇಲೆ ಇಟ್ಟುಕೊಂಡಿದ್ದೇನೆ. ಅಕ್ಕ ಆಚೆಯಿಂದ ಹೇಳುತ್ತಾರೆ, ನಾನು ಬಡಿಯುತ್ತೇನೆ.

"ಒಂದು, ನಮ್ಮ ಮನೆ."

"ಎ-1 ಅಲ್ಲವಾ ಅಕ್ಕ?"

"ಬೋಣಿ ನನ್ನ ಕೈಯಿಂದಲೇ ಮಾಡಿಸ್ತಿದ್ದರು. ಬರೀರಿ."

ಹದಿಮೂರರ ತನಕ ಸುಸೂತ್ರವಾಗಿ ಬಂತು. ಹದಿನಾಲ್ಕು ಎಂದು ಬಾಯಿ ತೆರೆಯುವಷ್ಟರಲ್ಲಿ ಅವರ ಅಡಿಗೆಮನೆಯಲ್ಲಿ ಕುಕ್ಕರು ಕೂಗಿತು. "ಒಂದು ನಿಮಿಷ ಇರಿ" ಎಂದು ಒಳಗೆ ಹೋದವರು ಇನ್ನೂ ಬಂದಿಲ್ಲ. ಮೂರನೇ ಸೀಟಿಯೂ ಆಯಿತು. ನಾನು ಫೈಲನ್ನು ಮಾತ್ರ ಮುಚ್ಚಿಲ್ಲ.