ನಮ್ಮ ಕಾರಿನ ಕೆಮ್ಮು

ನಮ್ಮ ಕಾರಿಗೆ ಈಗ 22 ವರ್ಷ. ಮನುಷ್ಯರಲ್ಲಾದರೆ ಇದು ಹೆಣ್ಣು ನೋಡಲು ಶುರುಮಾಡುವ ವಯಸ್ಸು, ಕಾರುಗಳಲ್ಲಿ ಮೊಮ್ಮಕ್ಕಳಿಂದ ಕಾಲು ಒತ್ತಿಸಿಕೊಳ್ಳುವ ವಯಸ್ಸು. ಯಾವ ಕಂಪನಿಯದು ಅಂತ ಮಾತ್ರ ಕೇಳಬೇಡಿ. ಮನೆಯ ಹಿರಿಯರ ಕಾಯಿಲೆಯನ್ನು ಹೆಸರು ಹಿಡಿದು ಪತ್ರಿಕೆಗೆ ಬರೆಯುವಷ್ಟು ಕೆಟ್ಟವನಲ್ಲ ನಾನು. ಡೀಸೆಲ್ ಕಾರು ಅಂದರೆ ಸಾಕು, ಉಳಿದದ್ದನ್ನು ನಮ್ಮ ಬೀದಿಯವರು ಹೇಳುತ್ತಾರೆ.

ಹೋದ ಧನುರ್ಮಾಸದಲ್ಲಿ ಅದು ಹಟ ಹಿಡಿಯಿತು. ಚಿಕ್ಕಮಗಳೂರಿನ ಚಳಿ ಗೊತ್ತಲ್ಲ, ಕೊಬ್ಬರಿ ಎಣ್ಣೆ ಶೀಸೆಯಲ್ಲೇ ಕಲ್ಲಾಗಿರುತ್ತದೆ. ಕೀಲಿ ತಿರುವಿ, ಸುರುಳಿ ಗುರುತಿನ ಹಳದಿ ದೀಪ ಆರುವವರೆಗೆ ಕಾದು, ಮನೆದೇವರನ್ನು ನೆನೆದು ಸ್ಟಾರ್ಟ್ ಮಾಡಿದರೆ ಬರೀ ಕುಯ್ಯೋ ಕುಯ್ಯೋ. ಬ್ಯಾಟರಿ ಕೈಚೆಲ್ಲುವ ಹೊತ್ತಿಗೆ ಒಂದು ಕೆಮ್ಮು, ಎರಡು ಕೆಮ್ಮು, ಆಮೇಲೆ ಮೈಯೆಲ್ಲ ನಡುಗಿಸಿಕೊಂಡು ಬುಸ್ಸೆಂದು ಬಿಳಿ ಹೊಗೆ. ಎದುರು ಮನೆಯಾಕೆಗೆ ತಾನು ಬಿಟ್ಟ ರಂಗೋಲಿ ತನಗೇ ಕಾಣುತ್ತಿರಲಿಲ್ಲ. ಒಮ್ಮೆ ಹತ್ತಿಕೊಂಡಿತೋ, ಸಂಜೆವರೆಗೂ ಪರಮ ಸಾಧು.

ಪೆಟ್ರೋಲ್ ಕಾರು ಕೆಟ್ಟರೆ ಮೆಕ್ಯಾನಿಕ್ ಬರುತ್ತಾನೆ, ಡೀಸೆಲ್ ಕಾರು ಕೆಟ್ಟರೆ ಬೀದಿಗೆ ಬೀದಿಯೇ ಬರುತ್ತದೆ. ಹೊಗೆ ಇದೆಯಲ್ಲ, ಅದನ್ನು ನೋಡಿ ಭವಿಷ್ಯ ಹೇಳಲಾರದವನು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಕಪ್ಪಾದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಪರ್ಸ್ ತೆಗೆದಿಟ್ಟುಕೊಳ್ಳಿ. ಬಿಳಿಯಾದರೆ ಡೀಸೆಲ್ ಒಳಗೆ ಹೋಗಿದೆ, ಸರಿಯಾಗಿ ಉರಿದಿಲ್ಲ. ಇಷ್ಟು ಶಾಸ್ತ್ರ ಸರಿಯೇ. ಫಲ ಹೇಳುವಾಗ ಮಾತ್ರ ಒಬ್ಬೊಬ್ಬರದು ಒಂದೊಂದು ಪಂಚಾಂಗ. ನಿವೃತ್ತ ಮೇಷ್ಟ್ರು ಚಳಿಯಲ್ಲಿ ಎಂಜಿನ್ನಿನ ಒಳಗನ್ನು ಕಾಯಿಸುವ ಹೀಟರ್, ಅಂದರೆ ಗ್ಲೋ ಪ್ಲಗ್, ಹೋಗಿದೆ ಎಂದರು. ಹಾಲಿನವನು ಡೀಸೆಲ್‌ನಲ್ಲಿ ನೀರಿದೆ ಎಂದ. ಬೆರಕೆಯ ವಿಷಯದಲ್ಲಿ ಅವನ ಅನುಭವವನ್ನು ಅಲ್ಲಗಳೆಯುವಂತಿಲ್ಲ. ನನ್ನ ಷಡ್ಡಕ ಕಂಪ್ರೆಷನ್ನೇ ಬಿದ್ದುಹೋಗಿದೆ, ಮಾರಿಬಿಡಿ ಎಂದ. ಯಾರಿಗೆ ಎಂದೆ. ತನಗೇ ಅಂತೆ.

ಷಡ್ಡಕನ ಮಾತಿನಲ್ಲೂ ಹುರುಳಿಲ್ಲದಿಲ್ಲ. ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಬರೀ ಗಾಳಿಯನ್ನು ಒಳಗೆಳೆದು ಹೆಚ್ಚುಕಡಿಮೆ 20ರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಆ ಒತ್ತಡಕ್ಕೇ ಗಾಳಿ ಕೆಂಡದಂತೆ ಕಾದು, ಮೇಲೆ ಚಿಮುಕಿಸಿದ ಡೀಸೆಲ್ ತಾನಾಗಿ ಹತ್ತಿಕೊಳ್ಳುತ್ತದೆ. ಕಂಪ್ರೆಷನ್ ಇಲ್ಲದಿದ್ದರೆ ಬೆಂಕಿ ಎಲ್ಲಿಯದು? 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಇಂಥದೊಂದನ್ನು ಓಡಿಸಿ ತೋರಿಸಿದ ರುಡಾಲ್ಫ್ ಡೀಸೆಲ್, 1913ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ. ಯಾಕೆಂದು ಇವತ್ತಿಗೂ ವಾದ ನಡೆಯುತ್ತಿದೆ. ಅವನಿಗೂ ಷಡ್ಡಕರಿದ್ದಿರಬೇಕೆಂದು ನನ್ನ ಅನುಮಾನ.

ಅಷ್ಟರಲ್ಲಿ ಭಾವಮೈದ ಊರಿಂದ ಬಂದ. ಬಂದವನೇ ಬಾನೆಟ್ ಎತ್ತಿ, 'ಭಾವ, ಟ್ಯೂನಿಂಗ್ ಮಾಡ್ತೀನಿ' ಅಂತ ಡೀಸೆಲ್ ಪಂಪಿನ ಹಿಂಬದಿಯ ಸ್ಕ್ರೂ ಅರ್ಧ ಸುತ್ತು ಒಳಗೆ ತಿರುಗಿಸಿದ. ಒಂದು ಸಲಕ್ಕೆ ಎಷ್ಟು ಡೀಸೆಲ್ ಬಿಡಬೇಕು ಅನ್ನುವುದಕ್ಕೆ ಕಡಿವಾಣ ಆ ಸ್ಕ್ರೂ. ಕೈಮರದ ಏರಿನಲ್ಲಿ ಕಾರು ಕೊಂಬು ಬಂದ ಹೋರಿಯಂತೆ ನುಗ್ಗಿತು, ನಿಜ. ಹಿಂದೆ ಮಾತ್ರ ರಸ್ತೆಯೇ ಕಾಣಲಿಲ್ಲ, ಅಷ್ಟು ಕಪ್ಪು ಹೊಗೆ. ಮಾರನೆಯ ಬೆಳಿಗ್ಗೆ ಮತ್ತದೇ ಕುಯ್ಯೋ. ಹಾಗಾಗಿ ನಮ್ಮ ಕಾರು ಬೆಳಿಗ್ಗೆ ಬಿಳಿ, ಮಧ್ಯಾಹ್ನ ಕಪ್ಪು, ಎರಡನ್ನೂ ಬಿಡತೊಡಗಿತು.

ಕೊನೆಗೆ ನಮ್ಮ ಮೇಸ್ತ್ರಿಗೆ ಹೇಳಿಕಳಿಸಿದೆ. ಅವರು ಪಂಪಿನವರು. ಡೀಸೆಲ್ ಪಂಪಿನ ಮೇಲೆ ನಮಗೂ ಸ್ವಲ್ಪ ಹಕ್ಕಿದೆ ಅನ್ನಿ: 1951ರಲ್ಲಿ ಹುಟ್ಟಿದ ಮೈಕೋ ಬೆಂಗಳೂರಿನ ಆಡುಗೋಡಿಯಲ್ಲಿ ಇವನ್ನು ಮಾಡುತ್ತಾ ಒಂದು ಬಡಾವಣೆಗೇ ಹೆಸರು ಕೊಟ್ಟಿತು. 2008ರಲ್ಲಿ ಅದರ ಹೆಸರು ಬಾಷ್ ಅಂತಾಯಿತು. ಮೇಸ್ತ್ರಿಗೆ ಯಾರೂ ತಿಳಿಸಿದಂತಿಲ್ಲ, ಅವರ ಬಾಯಲ್ಲಿ ಇನ್ನೂ ಮೈಕೋನೇ.

ಮೇಸ್ತ್ರಿ ಹೊಗೆಯ ವರ್ಣನೆ ಕೇಳಲೇ ಇಲ್ಲ. 'ಸ್ಟಾರ್ಟ್ ಆದಮೇಲಿನ ಕತೆ ಬಿಡಿ. ಕುಯ್ಯೋ ಅನ್ನುವಾಗ ಸೈಲೆನ್ಸರಿಂದ ಹೊಗೆ ಬರುತ್ತಾ?' ಎಂದರು. ಯೋಚಿಸಿದೆ. ಇಲ್ಲ. 'ಹೊಗೆ ಇಲ್ಲ ಅಂದ್ರೆ ಡೀಸೆಲ್ಲೇ ಬರ್ತಿಲ್ಲ. ಹೀಟರ್, ಕಂಪ್ರೆಷನ್ ಎಲ್ಲ ಆಮೇಲೆ.' ಬೀದಿಯಷ್ಟು ಜನ ಇರುವ ಹೊಗೆಯನ್ನು ನೋಡಿದರು, ಇವರು ಇಲ್ಲದ ಹೊಗೆಯನ್ನು ನೋಡಿದರು.

ಸಂಜೆ ಬಂದು ಫಿಲ್ಟರಿಗೂ ಪಂಪಿಗೂ ನಡುವೆ ಕರೀ ಪೈಪು ತೆಗೆದು, ಗೇಣುದ್ದದ ಪಾರದರ್ಶಕ ಪೈಪು ಸಿಕ್ಕಿಸಿ ಹೋದರು. ಬೆಳಿಗ್ಗೆ ಆರಕ್ಕೆ ಟಾರ್ಚ್ ಬಿಟ್ಟು ನೋಡಿದರೆ ಪೈಪು ಖಾಲಿ. ಸ್ಟಾರ್ಟರ್ ತಿರುಗಿಸಿದಾಗ ಗೋಲಿ ಸೋಡಾದಂತೆ ಗುಳ್ಳೆ ಗುಳ್ಳೆ. ಪಂಪು ಎಳೆದುಕೊಳ್ಳುವ ಕಡೆ ಬಿರುಕಿದ್ದರೆ ಡೀಸೆಲ್ ಹೊರಗೆ ಜಿನುಗಲೇಬೇಕೆಂದಿಲ್ಲ, ಗಾಳಿ ಒಳಗೆ ನುಸುಳುತ್ತದೆ. ರಾತ್ರಿಯೆಲ್ಲಾ ಡೀಸೆಲ್ ಟ್ಯಾಂಕಿಗೆ ಹಿಂದಿರುಗಿ ಹಾಯಾಗಿ ಮಲಗುತ್ತದೆ. ಎಲ್ಲೂ ಒದ್ದೆಯಿಲ್ಲ, ವಾಸನೆಯಿಲ್ಲ. ಕಳ್ಳನೆಂದರೆ ಇವನು.

ಸಿಕ್ಕಿದ್ದು ಫಿಲ್ಟರ್ ತಲೆಯ ಬೋಲ್ಟಿನಡಿ, ನಾಲ್ಕಾಣೆಯಷ್ಟಗಲದ ತಾಮ್ರದ ವಾಷರ್. 'ಹಳೇದನ್ನೇ ಕೂರಿಸಿದಾರೆ. ಫಿಲ್ಟರ್ ಹಾಕಿದ್ದು ಯಾರು ಸಾರ್?' ಎಂದರು ಮೇಸ್ತ್ರಿ. ನಾನು ಕಾಫಿ ಆಯಿತೇ ನೋಡುತ್ತೇನೆ ಎಂದು ಒಳಗೆ ಹೋದೆ. ಕೂಲಿ ಉಳಿಸಲು ದೀಪಾವಳಿ ರಜೆಯಲ್ಲಿ ಹಾಕಿದ್ದವನು ಯಾರೆಂದು ಷಡ್ಡಕನಿಗೆ ತಿಳಿಯಕೂಡದು.

ಆ ಹೊತ್ತಿಗೆ ಅಂಗಡಿ ತೆರೆದಿರಲಿಲ್ಲ. ಮೇಸ್ತ್ರಿ ಸೀದಾ ಅಡುಗೆಮನೆಗೆ ಬಂದು ಇಕ್ಕಳ ಕೇಳಿದರು. ಹಾಲಿನ ಪಾತ್ರೆ ಇಳಿಸಿ, ವಾಷರನ್ನು ಗ್ಯಾಸಿನ ಉರಿಗೆ ಹಿಡಿದು, ಕೆಂಪಗಾದದ್ದೇ ನೀರಿಗೆ ಹಾಕಿದರು. ಚುಂಯ್. ಉಕ್ಕನ್ನು ಹೀಗೆ ಮಾಡಿದರೆ ಗಡಸಾಗುತ್ತದೆ. ತಾಮ್ರ ಮೆತ್ತಗಾಗುತ್ತದೆ, ಬಿಗಿದರೆ ಮತ್ತೆ ಹೊಸದರಂತೆ ಕಚ್ಚಿ ಕೂರುತ್ತದೆ. ನನ್ನ ಹೆಂಡತಿ ಇದೆಲ್ಲವನ್ನೂ ಕೈಕಟ್ಟಿ ನೋಡುತ್ತಿದ್ದಳು, ಒಂದು ಮಾತಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಫಿಲ್ಟರ್ ಮೇಲಿನ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ, ಗಾಳಿ ಬಿಟ್ಟು, ಕೀಲಿ ತಿರುಗಿಸಿದರು. ಒಂದೇ ಕುಯ್! ಭಾವಮೈದನ ಅರ್ಧ ಸುತ್ತನ್ನೂ ಹಿಂದಕ್ಕೆ ತಿರುಗಿಸಿ, 'ಈ ಸ್ಕ್ರೂ ಮುಟ್ಟೋ ಕೈಗೆ ಬೇರೆ ಕೆಲಸ ಕೊಡಿ' ಅಂದು ಇನ್ನೂರು ರೂಪಾಯಿ ತೆಗೆದುಕೊಂಡು ಹೋದರು.

ಈಗ ಕಾರು ಬೆಳಿಗ್ಗೆ ಸದ್ದಿಲ್ಲದೆ ಏಳುತ್ತದೆ. ಇಕ್ಕಳ ಇನ್ನೂ ಡಿಕ್ಕಿಯಲ್ಲೇ ಇದೆ, ಹೊಸದು ತಂದುಕೊಟ್ಟ ಹೊರತು ಮನೆಯಲ್ಲಿ ಹಾಲು ಕಾಯುವುದಿಲ್ಲವಂತೆ.