ರಿಪೋರ್ಟ್ ನಾರ್ಮಲ್ ಬಂದ ಮೇಲೆ: ತುರ್ವಿಹಾಳದ ತಂದೆ-ತಾಯಿಗಳಿಗೆ ಬಹಿರಂಗ ಪತ್ರ

ಅಣ್ಣಾರೇ, ಅಕ್ಕಾರೇ,

ಬೆಳಿಗ್ಗೆ ಸಾಲಿ ಹೊತ್ತಿಗೆ ಸರಿಯಾಗಿ ಮಗಳು ಹೊಟ್ಟೆ ಹಿಡಿದು ಮೂಲೆಯಲ್ಲಿ ಮುದುರಿ ಕೂರುತ್ತಾಳೆ. ಅಜ್ಜಿ ‘ಬಟ್ಟಿ ಸರಿದೈತಿ’ ಅಂತ ಎಣ್ಣೆ ಹಚ್ಚಿ ತಿಕ್ಕುತ್ತಾಳೆ, ದೃಷ್ಟಿ ತೆಗೆಯುತ್ತಾಳೆ. ಆಮೇಲೆ ಸೂಜಿ, ಸಲಾಯಿನ್. ಅದಕ್ಕೂ ಬಗ್ಗದಿದ್ದರೆ ಸಿಂಧನೂರಿನಲ್ಲಿ ಸ್ಕ್ಯಾನಿಂಗ್, ರಾಯಚೂರು, ಬಳ್ಳಾರಿ. ಭತ್ತ ಮಾರಿದ ದುಡ್ಡು ಕರಗುತ್ತದೆ. ಕೊನೆಗೆ ಎಲ್ಲ ನಾರ್ಮಲ್ ಅಂತ ರಿಪೋರ್ಟ್ ಬಂದರೆ ಮನೆಮಂದಿಯದೆಲ್ಲ ಒಂದೇ ಮಾತು: ‘ಸಾಲಿ ತಪ್ಪಿಸಾಕ ನಾಟಕ ಮಾಡಾಕತ್ತಾಳ.’

ಆ ಮಾತು ಆಡಬೇಡಿ, ಕೈಮುಗಿದು ಕೇಳುತ್ತೇನೆ. ಅವಳ ನೋವು ನಿಜ. ಕರುಳಿಗೆ ತನ್ನದೇ ನರಜಾಲವಿದೆ, ಮಿದುಳಿಗೂ ಅದಕ್ಕೂ ಸದಾ ಸಂಪರ್ಕ. ಅಂಜಿಕೆ, ಚಿಂತೆ ಹೆಚ್ಚಾದರೆ ಕರುಳಿನ ಚಲನೆ ಏರುಪೇರಾಗುತ್ತದೆ, ಸಣ್ಣ ಸೆಳೆತವೂ ದೊಡ್ಡ ನೋವಾಗಿ ತಟ್ಟುತ್ತದೆ. ಸ್ಕ್ಯಾನಿಂಗ್‌ನಲ್ಲಿ ಕಲ್ಲು, ಗಂಟು ಕಂಡಾವು, ಇದು ಕಾಣದು. ಇಂಗ್ಲೆಂಡಿನ ಜಾನ್ ಆಪ್ಲಿ, ನೋರಾ ನೇಯ್ಶ್ ಎಂಬ ವೈದ್ಯರು 1000 ಸಾಲಿಮಕ್ಕಳನ್ನು ನೋಡಿ, ಸುಮಾರು ಹತ್ತರಲ್ಲಿ ಒಬ್ಬರಿಗೆ ಹೀಗೆ ಮರಳಿ ಮರಳಿ ಹೊಟ್ಟೆನೋವು ಬರುತ್ತದೆಂದು 1958ರಲ್ಲೇ ಬರೆದಿದ್ದರು.

ಮೊದಲ ತಪಾಸಣೆ ಬೇಕೇ ಬೇಕು. ತೂಕ ಇಳಿದರೆ, ಮಲದಲ್ಲಿ ರಕ್ತ, ಹಸಿರು ವಾಂತಿ, ಬಿಡದ ಜ್ವರ ಕಂಡರೆ, ನೋವು ನಿದ್ದೆಯಿಂದ ಎಬ್ಬಿಸಿದರೆ ತಡಮಾಡಬೇಡಿ. ಇವೇನೂ ಇಲ್ಲ, ಮಕ್ಕಳ ಡಾಕ್ಟರು ಸರಿಯಾಗಿ ನೋಡಿದ್ದಾರೆ ಅಂದಮೇಲೂ ಊರೂರು ಅಲೆಸಿದರೆ, ತನಗೇನೋ ದೊಡ್ಡ ರೋಗವಿದೆ ಎಂಬ ಹೆದರಿಕೆಯೂ ಮಗುವಿಗೆ ಹತ್ತಿಕೊಳ್ಳುತ್ತದೆ.

ಪಕ್ಕದಲ್ಲಿ ಕೂತು ಕೇಳಿ. ಸಾಲಿಯಲ್ಲಿ ಯಾರಾದರೂ ಹೊಡೆಯುತ್ತಾರಾ? ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಅಲ್ಲಿನ ಪಾಯಖಾನೆಗೆ ಹೋಗಲಾರದೆ ತಡೆದುಕೊಳ್ಳುತ್ತಾಳಾ? ನೀವು ಬೆಂಗಳೂರಿಗೆ ಗುಳೆ ಹೋದಮೇಲೆ ನೋವು ಶುರುವಾಯಿತಾ? ಕಾಲುವೆಗೆ ನೀರು ಬಾರದ ವರ್ಷ ನೀವು ನಡುರಾತ್ರಿ ಸಾಲದ ಲೆಕ್ಕ ಮಾತಾಡುವಾಗ ಅವಳು ಕೌದಿಯೊಳಗೆ ಎಚ್ಚರವಿದ್ದಾಳು. ಯಾರೋ ಮೈಮುಟ್ಟಿ ಹೆದರಿಸಿದ್ದರೆ ಅದನ್ನೂ ಹೇಳುವಷ್ಟು ಧೈರ್ಯ ಕೊಡಿ. ಅದಕ್ಕೆ ಮಕ್ಕಳ ಸಹಾಯವಾಣಿ 1098 ಇದೆ. ಅಂಥದ್ದೇನೂ ಇಲ್ಲವಾದರೆ ಅರ್ಧ ದಿನಕ್ಕಾದರೂ ಸಾಲಿಗೆ ಕಳಿಸಿ. ಮನೆಯಲ್ಲಿ ಕೂತಷ್ಟೂ ಮರುದಿನದ ಅಂಜಿಕೆ ಬಲಿಯುತ್ತದೆ.

ಆದರೂ ನೋವು ನಿಲ್ಲದಿದ್ದರೆ ಮನಸ್ಸಿನ ಡಾಕ್ಟರಿಗೆ ತೋರಿಸಿ; ‘ಹುಚ್ಚರ ಡಾಕ್ಟರ ಹತ್ರ ಯಾಕ?’ ಅನ್ನಬೇಡಿ. ಮನಸ್ಸಿನ ಚಿಕಿತ್ಸೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಸಿಗಲೆಂದು ನಿಮ್ಹಾನ್ಸ್ 1985ರಲ್ಲಿ ಜಿಲ್ಲಾಮಟ್ಟದ ಪ್ರಯೋಗ ಶುರುಮಾಡಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲೇ; ದೇಶ ಅದನ್ನು ಅನುಸರಿಸಿತು. ಈಗ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ, ಪುಕ್ಕಟೆಯಾಗಿ ಮಾತಾಡಬಹುದು. ಇನ್ನೊಂದು ಸ್ಕ್ಯಾನಿಂಗ್‌ಗೆ ಬಸ್ ಹತ್ತುವ ಮೊದಲು ಆ ನಂಬರಿಗೆ ಫೋನ್ ಮಾಡಿ.

ಇಂತಿ,
ನಿಮ್ಮ ಕಡೆಯವನೇ ಒಬ್ಬ