ಚಾರ್ಜ್ ಯಾರಿಗೆ?

"ರಂಗಣ್ಣ, ಹೊಸ ಆ್ಯಪ್ ತರಬೇತಿ ಆಯ್ತಾ?"

"ಆಯ್ತು ಮೇಷ್ಟ್ರೇ. ಗ್ರೂಪಿಗೆ ಪಿಡಿಎಫ್ ಬಂತು, ಹೆಬ್ಬೆಟ್ಟು ಒತ್ತಿದೆ."

"ಮೊಬೈಲ್ ಕೊಟ್ರಾ?"

"ಸ್ವಂತದ್ದೇ. ಅದಕ್ಕೆ ಚಾರ್ಜ್ ನಿಲ್ಲಲ್ಲ, ನನಗೆ ಪಕ್ಕದ ಸರ್ಕಲ್ಲಿನ ಚಾರ್ಜೂ ಇದೆ."

"ಅಂತೂ ಕಾಗದ ನಿಂತಿತು!"

"ಎಲ್ಲಿ ನಿಂತಿತು? ಆ್ಯಪ್‌ಗೆ ಹಾಕಿದ್ದನ್ನ ಪ್ರಿಂಟ್ ತೆಗೆದು ಫೈಲಿಗೆ ಹಾಕ್ಬೇಕು. ಹಾಕಿದ್ದಕ್ಕೆ ಫೋಟೊ ಹೊಡೆದು ಗ್ರೂಪಿಗೆ ಹಾಕ್ಬೇಕು."

"ಹಳಬರು ಬದಲಾವಣೆಗೆ ಒಗ್ಗಲ್ಲ ಅಂತಾರಪ್ಪ ಮೇಲಿನವರು."

ಮೇಲಿನವರ ಮಾತಿಗೆ ಕಡತದ ಬೆಂಬಲ ಕಡಿಮೆ. 2000ರ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದಾಗ ರಂಗಣ್ಣನ ಇದೇ ಕಂದಾಯ ಇಲಾಖೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಯಲ್ಲಿ ಯಂತ್ರ ಕೂತಿತು, ಅದರ ಮುಂದೆ ಕಲಿತ ನೌಕರ ಕೂತ, 15 ರೂಪಾಯಿಗೆ ಪಹಣಿ ರೈತನ ಕೈಗೆ ಬಂತು. ಮುಖ್ಯವಾಗಿ, ಕೈಬರಹದ ಪಹಣಿ ರದ್ದಾಯಿತು. ವಯಸ್ಸೇ ಅಡ್ಡಿ ಎನ್ನುವುದಾದರೆ, ಚಹಾದಂಗಡಿಯಲ್ಲಿ ಕ್ಯೂಆರ್ ಕೋಡಿಗೆ ದುಡ್ಡು ಕಳಿಸುವ ಅಜ್ಜನಿಗೆ ಕಾರ್ಯಾಗಾರ ನಡೆಸಿದವರು ಯಾರು? ಕಳಿಸಿದ ಮೇಲೆ ಅಷ್ಟೇ ಚಿಲ್ಲರೆಯನ್ನೂ ಎಣಿಸಿ ಕೊಡಿ ಎಂದು ಅಂಗಡಿಯವನು ಕೇಳುವುದಿಲ್ಲ, ಅಷ್ಟೇ. 2024ರಲ್ಲಿ ಮುಷ್ಕರಕ್ಕೆ ಕೂತ ಗ್ರಾಮ ಆಡಳಿತ ಅಧಿಕಾರಿಗಳು ಹಳೆಯ ಲೆಡ್ಜರ್ ವಾಪಸ್ ಕೊಡಿ ಎನ್ನಲಿಲ್ಲ. ಕೇಳಿದ್ದು ಮೊಬೈಲು, ಲ್ಯಾಪ್‌ಟಾಪು, ಕೂರಲು ಕುರ್ಚಿ.

"ಹಾಗಾದ್ರೆ ಇಷ್ಟು ವರ್ಷದಲ್ಲಿ ಏನೂ ಬದಲಾಗಿಲ್ವಾ, ರಂಗಣ್ಣ?"

"ಛೆ, ಹಾಗನ್ಬೇಡಿ. ಮೊದಲು ಗ್ರಾಮ ಲೆಕ್ಕಿಗ ಆಗಿದ್ದೆ, ಈಗ ಗ್ರಾಮ ಆಡಳಿತ ಅಧಿಕಾರಿ."

"ಕೆಲಸ?"

"ಆ್ಯಪ್‌ಗಳ ಲೆಕ್ಕ ಇಡೋದು."